ದಿನದ ಲೆಕ್ಕ ಸಾಕು, ಕೊಡದ ಲೆಕ್ಕ ಬೇಕು

ಕಲಬುರಗಿಯಲ್ಲಿ ಬಾಡಿಗೆ ಮನೆ ನೋಡಲು ಹೋದವರು ಬಾಡಿಗೆ ಎಷ್ಟು ಅಂತ ಆಮೇಲೆ ಕೇಳುತ್ತಾರೆ. ಮೊದಲ ಪ್ರಶ್ನೆಗಳೇ ಬೇರೆ. "ನಳ ಎಷ್ಟ್ ದಿನಕ್ಕೊಮ್ಮೆ ಬರ್ತಾವ್ರಿ? ಬೋರ್ ಅದ ಏನ್ರಿ? ಸಂಪ್ ಎಷ್ಟ್ ದೊಡ್ಡದದ?" ಈ ಮೂರಕ್ಕೂ ಉತ್ತರ ಸರಿಯಾಗಿದ್ದರೆ ಮಾತ್ರ ಅಡ್ವಾನ್ಸ್ ಮಾತು. ಮನೆ ಮಾಲೀಕರಿಗೂ ಇದು ಗೊತ್ತು. "ನೀರಿಂದೇನೂ ಚಿಂತಿ ಇಲ್ರಿ" ಅನ್ನುವ ಒಂದು ಮಾತಿಗೆ ಬಾಡಿಗೆ ಸಾವಿರ ರೂಪಾಯಿ ಜಾಸ್ತಿ ಆಗುತ್ತದೆ.

ನಮ್ಮ ಓಣಿಯಲ್ಲಿ ನೀರಿನ ಮೇಲೆ ನಿರ್ಬಂಧ ಇದೆ ಅಂತ ಯಾರೂ ಬೋರ್ಡ್ ಹಾಕಿಲ್ಲ. ತಲೆಗೆ ಇಷ್ಟೇ ಲೀಟರ್ ಅಂತ ಯಾರೂ ಬಂದು ಹೇಳಿಲ್ಲ. ಆದರೂ ನಿರ್ಬಂಧ ಇದೆ. ಅದು ದಿನಗಳಲ್ಲಿದೆ. ಮಳೆಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಬರುತ್ತಿದ್ದ ನಳ ಏಪ್ರಿಲ್ ಹೊತ್ತಿಗೆ ನಾಲ್ಕು, ಐದು ದಿನಕ್ಕೆ ಹೋಗುತ್ತದೆ. ಕೆಲವು ಬಡಾವಣೆಗಳಲ್ಲಿ ವಾರ ದಾಟುತ್ತದೆ. ನೀರು ಕಡಿಮೆಯಾದಾಗ ಊರು ಮಾಡುವ ಕೆಲಸ ಬಹುಪಾಲು ಇದೊಂದೇ, ನಡುವಿನ ದಿನಗಳನ್ನು ಹೆಚ್ಚಿಸುವುದು. ನೋಡಲು ಇದು ನ್ಯಾಯವಾಗಿಯೇ ಕಾಣುತ್ತದೆ. ಎಲ್ಲರೂ ಐದು ದಿನ ಕಾಯುತ್ತಾರೆ, ಅಲ್ವಾ? ನನ್ನ ತಕರಾರು ಇರುವುದು ಇಲ್ಲೇ. ಕಾಯುವುದು ಎಲ್ಲರಿಗೂ ಒಂದೇ. ಸಿಗುವ ನೀರು ಒಂದೇ ಅಲ್ಲ.

ಮೊದಲು ನೀರು ಎಲ್ಲಿಂದ ಬರುತ್ತದೆ ಅಂತ ಹೇಳಿಬಿಡುತ್ತೇನೆ. ಸರಡಗಿ ಹತ್ತಿರ ಭೀಮಾ ನದಿಗೆ ಕಟ್ಟಿದ ಬ್ಯಾರೇಜ್ ಒಂದು. ಹೇರೂರಿನ ಬೆಣ್ಣೆತೊರಾ ಜಲಾಶಯ ಇನ್ನೊಂದು. ಹಿರಿಯರು ಭೋಸಗಾ ಕೆರೆಯ ಹೆಸರನ್ನೂ ಹೇಳುತ್ತಾರೆ. ಬೆಣ್ಣೆತೊರಾ ಹೋಗಿ ಕಾಗಿಣಾ ಸೇರುತ್ತದೆ, ಕಾಗಿಣಾ ಭೀಮೆಯನ್ನು ಸೇರುತ್ತದೆ. ಎರಡು ಮೂಲ ಅಂತ ಹೇಳಿಕೊಂಡರೂ ಮಳೆ ಕೈಕೊಟ್ಟ ವರ್ಷ ಎರಡೂ ಒಟ್ಟಿಗೇ ಸೊರಗುತ್ತವೆ. 2023ರಲ್ಲಿ ಹಾಗೇ ಆಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಮುಂದಿನ ಬೇಸಿಗೆಗೆ ಭೀಮೆಯ ಪಾತ್ರದಲ್ಲಿ ಮರಳು, ಬಂಡೆ, ಅಲ್ಲಲ್ಲಿ ಪಾಚಿಗಟ್ಟಿದ ಮಡು ಬಿಟ್ಟರೆ ಏನೂ ಇರಲಿಲ್ಲ. ಇದೇ ನದಿ 2020ರ ಅಕ್ಟೋಬರ್‌ನಲ್ಲಿ ದಂಡೆಯ ಹಳ್ಳಿಗಳನ್ನು ಮುಳುಗಿಸಿತ್ತು.

ಭೀಮೆ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ನಮ್ಮ ಜಿಲ್ಲೆಗೆ ಬರುವ ಮುಂಚೆ ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಅದು ಸುಮಾರು 117 ಟಿಎಂಸಿ ಹಿಡಿಯುವ ದೊಡ್ಡ ಜಲಾಶಯ. ರಾಜ್ಯಗಳ ನಡುವೆ ಕೃಷ್ಣಾ ಕಣಿವೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ 1976ರ ತೀರ್ಪಿನಲ್ಲಿ ಭೀಮೆಯಲ್ಲಿ ಕರ್ನಾಟಕದ ಬಳಕೆಗೆ 15 ಟಿಎಂಸಿ ಅಂತ ಇಟ್ಟಿತು. ಕಾಗದದಲ್ಲಿ ಅದು ವರ್ಷದ ಲೆಕ್ಕ. ನಮಗೆ ನೀರು ಬೇಕಾಗುವುದು ಮಾರ್ಚ್‌ನಿಂದ ಜೂನ್‌ವರೆಗೆ. ಅದಕ್ಕೇ ಪ್ರತಿ ಬೇಸಿಗೆಯಲ್ಲೂ ಇಲ್ಲಿನ ಪತ್ರಿಕೆಗಳಲ್ಲಿ ಉಜನಿಯ ಹೆಸರು ಬರುತ್ತದೆ. 2024ರ ಮಾರ್ಚ್‌ನಲ್ಲಿ ಅಫಜಲಪುರದಲ್ಲಿ ಭೀಮೆಗೆ ನೀರು ಬಿಡಿಸಿ ಅಂತ ಉಪವಾಸವೇ ನಡೆಯಿತು. ಕುಡಿಯುವ ನೀರಿಗೆ ಪಕ್ಕದ ರಾಜ್ಯಕ್ಕೆ ಪತ್ರ ಬರೆದು ಕಾಯುವ ಸ್ಥಿತಿ ನಮ್ಮದು.

ಇದು ಊರಿನ ಹೊರಗಿನ ಕಥೆ. ಒಳಗಿನದು ಹೀಗಿದೆ.

ನಳ ಬರುವ ದಿನ ನಮ್ಮ ಓಣಿ ಹೊತ್ತು ಮೂಡುವ ಮುಂಚೆಯೇ ಎದ್ದಿರುತ್ತದೆ. ಇಷ್ಟು ಗಂಟೆಗೆ ಅಂತ ಗ್ಯಾರಂಟಿ ಇಲ್ಲ. ಬೆಳಗಿನ ಐದಕ್ಕೂ ಬರಬಹುದು, ಮಧ್ಯಾಹ್ನ ಹನ್ನೆರಡಕ್ಕೂ ಬರಬಹುದು, ರಾತ್ರಿ ಎಲ್ಲ ಮಲಗಿದ ಮೇಲೂ ಬರಬಹುದು. ವಾಲ್‌ಮ್ಯಾನ್ ಗಾಡಿ ಮೇಲೆ ಬರುತ್ತಾನೆ. ಹಿಂದಿನ ಸೀಟಿಗೆ ಎದೆಯುದ್ದದ ಕಬ್ಬಿಣದ ಚಾವಿ ಕಟ್ಟಿರುತ್ತಾನೆ. ತಿರುವಿನಲ್ಲಿ ಚೇಂಬರಿನ ಮೇಲೊಂದು ಪರಸಿ ಕಲ್ಲು ಮುಚ್ಚಿದೆ. ಅದನ್ನು ಸರಿಸಿ, ಚಾವಿ ಇಳಿಸಿ, ಎರಡೂ ಕೈಯಿಂದ ತಿರುವುತ್ತಾನೆ. ಮೊದಲು ನಳದಲ್ಲಿ ಗಾಳಿ ಬರುತ್ತದೆ, ಬುಸ್ ಬುಸ್ ಅಂತ. ಆಮೇಲೆ ಕೆಂಪು ನೀರು ಉಗುಳುತ್ತದೆ. ಆ ಮೊದಲ ಎರಡು ಕೊಡವನ್ನು ಯಾರೂ ಕುಡಿಯಲು ಇಡುವುದಿಲ್ಲ. ಬಚ್ಚಲಿಗೆ, ಸಂಡಾಸಕ್ಕೆ ಅಂತ ಬೇರೆ ಬಕೆಟ್ಟಿಗೆ ಹಾಕುತ್ತಾರೆ. ಇದನ್ನು ನಮ್ಮ ಹೆಂಗಸರಿಗೆ ಯಾರೂ ಕಲಿಸಿಕೊಟ್ಟಿಲ್ಲ. ಆದರೆ ಅವರು ಮಾಡುವುದು ಸರಿಯೇ. ನಾಲ್ಕೈದು ದಿನ ಪೈಪು ಖಾಲಿ ಬಿದ್ದಿರುತ್ತದೆ. ಒಳಗೆ ಒತ್ತಡ ಇಲ್ಲದಾಗ ಜಾಯಿಂಟುಗಳ ಸಂದಿಯಿಂದ ಸುತ್ತಲಿನ ಕೊಳಕು ನೀರು ಒಳಗೆ ಇಳಿಯುತ್ತದೆ. ಚರಂಡಿ ಪಕ್ಕದಲ್ಲೇ ಹಾದುಹೋಗಿರುವ ಪೈಪಿಗೆ ಇದು ತಪ್ಪಿದ್ದಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ನಳದ ನೀರಿನ ಮಾದರಿ ತೆಗೆದು ಅಧ್ಯಯನ ಮಾಡಿದವರೂ ಇದನ್ನೇ ಕಂಡರು. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಹೊಲಸು ಜಾಸ್ತಿ, ಅದರಲ್ಲೂ ಮೊದಲು ಬರುವ ನೀರಿನಲ್ಲಿ.

ನೀರು ಸ್ವಚ್ಛವಾದ ಕೂಡಲೇ ಮೋಟಾರುಗಳ ಸದ್ದು ಶುರು. ಸಂಪು ಇರುವವರು ನಳಕ್ಕೇ ನೇರವಾಗಿ ಸಣ್ಣ ಮೋಟಾರ್ ಹಚ್ಚುತ್ತಾರೆ. ಒಂದು ಮನೆಯಲ್ಲಿ ಹಚ್ಚಿದರೆ ಪಕ್ಕದವರೂ ಹಚ್ಚಲೇಬೇಕು, ಇಲ್ಲದಿದ್ದರೆ ಅವರಿಗೆ ಬರುವುದಿಲ್ಲ. ಹೀಗೆ ಹತ್ತು ಮೋಟಾರು ಎಳೆಯುವಾಗ ಓಣಿಯ ಕೊನೆಯಲ್ಲಿ ಮೋಟಾರಿಲ್ಲದ ಮೂರು ಮನೆಗಳ ನಳದಲ್ಲಿ ನೀರು ನೂಲಿನಷ್ಟು ಸಣ್ಣಗಾಗುತ್ತದೆ. ಅಲ್ಲಿ ಒಂದು ಕೊಡ ತುಂಬುವಷ್ಟರಲ್ಲಿ ಇಲ್ಲಿ ಸಂಪಿನಲ್ಲಿ ಗೇಣು ನೀರು ಏರಿರುತ್ತದೆ.

"ಅಣ್ಣಾ, ಇನ್ನೊಂದ್ ಹತ್ತ್ ನಿಮಿಷ ಬಿಡ್ರಿ, ನಮ್ದು ಬ್ಯಾರಲ್ ಅರ್ಧಾನೂ ಆಗಿಲ್ಲ" ಅಂತ ಕೊನೆ ಮನೆಯ ಹೆಣ್ಣುಮಗಳು ಕೂಗುತ್ತಾಳೆ. "ಮ್ಯಾಲಿನ ಓಣಿಯವರು ಮುಂಜಾನಿಂದ ನಿಂತಾರಕ್ಕಾ, ನನಗ ಬೈತಾರ" ಅನ್ನುತ್ತಾನೆ ವಾಲ್‌ಮ್ಯಾನ್. ಇಬ್ಬರದೂ ಸುಳ್ಳಲ್ಲ. ಮೇಲಿನ ಓಣಿ ಎತ್ತರದಲ್ಲಿದೆ. ನಮ್ಮ ಕಡೆ ವಾಲ್ವ್ ಮುಚ್ಚುವವರೆಗೂ ಅಲ್ಲಿಗೆ ನೀರು ಏರುವುದಿಲ್ಲ. ಇಡೀ ಊರಿನ ನೀರಿನ ನೀತಿ ಕೊನೆಗೆ ಬಂದು ನಿಲ್ಲುವುದು ಈ ಒಬ್ಬ ಮನುಷ್ಯನ ಕೈಯಲ್ಲಿರುವ ಚಾವಿಯ ಮೇಲೆ. ನದಿಯಲ್ಲಿ ನೀರು ಎಷ್ಟಿದೆ, ನದಿಯಿಂದ ನೀರೆತ್ತುವ ಜಾಕ್‌ವೆಲ್‌ನಲ್ಲಿ ಕರೆಂಟ್ ಯಾವಾಗ ಹೋಯಿತು, ಎಲ್ಲಿ ಪೈಪು ಒಡೆಯಿತು, ಇದ್ಯಾವುದನ್ನೂ ತೀರ್ಮಾನಿಸುವವನು ಅವನಲ್ಲ. ಬೈಗಳು ಮಾತ್ರ ಅವನಿಗೇ.

ಈಗ ನನ್ನ ಮಾತಿನ ತಿರುಳಿಗೆ ಬರುತ್ತೇನೆ. ಸ್ವಲ್ಪ ಲೆಕ್ಕ ಇದೆ, ದಯವಿಟ್ಟು ಓದಿ.

ಐದು ಜನರ ಎರಡು ಮನೆ ತೆಗೆದುಕೊಳ್ಳಿ. ಎರಡಕ್ಕೂ ಐದು ದಿನಕ್ಕೊಮ್ಮೆ ನಳ. ಮೊದಲನೆಯ ಮನೆಗೆ ನೆಲದಡಿ 8,000 ಲೀಟರಿನ ಸಂಪು, ಮೇಲೆ 1,000 ಲೀಟರಿನ ಸಿಂಟೆಕ್ಸ್. ಎರಡನೆಯ ಮನೆಗೆ 200 ಲೀಟರಿನ ಒಂದು ಬ್ಯಾರಲ್, ಮತ್ತೆ ಹತ್ತು ಕೊಡ. ನಮ್ಮ ಪ್ಲಾಸ್ಟಿಕ್ ಕೊಡಕ್ಕೆ ಹೆಚ್ಚುಕಡಿಮೆ 15 ಲೀಟರ್ ಹಿಡಿಯುತ್ತದೆ. ಮೊದಲನೆಯ ಮನೆ 9,000 ಲೀಟರ್ ಕೂಡಿಡುತ್ತದೆ. ಐದು ಜನ, ಐದು ದಿನ, ಅಂದರೆ ತಲೆಗೆ ದಿನಕ್ಕೆ 360 ಲೀಟರ್. ಎರಡನೆಯ ಮನೆ ಕೂಡಿಡುವುದು 350 ಲೀಟರ್. ತಲೆಗೆ ದಿನಕ್ಕೆ 14 ಲೀಟರ್.

ಪೈಪಿನ ನೀರು, ಒಳಚರಂಡಿ ಇರುವ ಊರುಗಳಿಗೆ ನಮ್ಮ ದೇಶದಲ್ಲಿ ಇಟ್ಟುಕೊಂಡಿರುವ ಅಳತೆ ತಲೆಗೆ ದಿನಕ್ಕೆ 135 ಲೀಟರ್. ಹಳ್ಳಿಗಳಿಗೆ ಜಲಜೀವನ್ ಮಿಷನ್ ಇಟ್ಟದ್ದು 55. ಯುದ್ಧದಿಂದ, ಭೂಕಂಪದಿಂದ ಮನೆ ಕಳೆದುಕೊಂಡು ಶಿಬಿರಗಳಲ್ಲಿ ಇರುವವರಿಗೂ ಕನಿಷ್ಠ 15 ಲೀಟರ್ ಕೊಡಬೇಕು ಅಂತ ಜಗತ್ತಿನ ಪರಿಹಾರ ಸಂಸ್ಥೆಗಳು ಒಪ್ಪಿಕೊಂಡಿವೆ. ಸ್ಫಿಯರ್ ಮಾನದಂಡ ಅನ್ನುತ್ತಾರೆ ಅದಕ್ಕೆ. ನಮ್ಮ ಓಣಿಯ ಕೊನೆಯ ಮನೆ ಅದಕ್ಕಿಂತ ಒಂದು ಲೀಟರ್ ಕೆಳಗಿದೆ. ಅಲ್ಲಿಂದ ಆರನೇ ಮನೆಯಲ್ಲಿ 360 ಇದೆ. ಇಬ್ಬರಿಗೂ ನಿಯಮ ಒಂದೇ, ಐದು ದಿನಕ್ಕೊಮ್ಮೆ.

ಅಂದರೆ ದಿನ ಹೆಚ್ಚಿಸಿದಾಗ ಕೊರತೆ ಎಲ್ಲರ ಮೇಲೆ ಬೀಳುವುದಿಲ್ಲ. ಸಂಪು ಇದ್ದವರಿಗೆ ಐದು ದಿನವೂ ಒಂದೇ, ಏಳು ದಿನವೂ ಒಂದೇ. ಬ್ಯಾರಲ್ ಇದ್ದವರಿಗೆ ಮೂರನೇ ದಿನವೇ ತಳ ಕಾಣುತ್ತದೆ. ಆಮೇಲೆ ಅವರು ಟ್ಯಾಂಕರ್ ಹಿಂದೆ ಓಡಬೇಕು, ಇಲ್ಲ ಬೋರ್ ಇದ್ದವರ ಮನೆ ಮುಂದೆ ನಿಲ್ಲಬೇಕು. ಕೂಲಿಗೆ ಹೋಗುವವರಿಗೆ ಇನ್ನೊಂದು ಪೆಟ್ಟು. ನಳ ಯಾವಾಗ ಬರುತ್ತದೋ ಗೊತ್ತಿಲ್ಲದ ಕಾರಣ ಆ ದಿನ ಮನೆಯಲ್ಲಿ ಒಬ್ಬರು ಉಳಿಯಲೇಬೇಕು. ಒಂದು ದಿನದ ಪಗಾರ ಹೋಯಿತು. ಆ ನೀರಿನ ನಿಜವಾದ ಬೆಲೆ ಅದು. ಯಾವ ಬಿಲ್ಲಿನಲ್ಲೂ ಅದು ಬರುವುದಿಲ್ಲ.

ನನ್ನ ಮನೆಗೆ ಸಂಪು ಇದೆ. ಕಳೆದ ಬರಗಾಲದ ಬೇಸಿಗೆಯಲ್ಲೂ ನಾವು ದಿನಾ ಸ್ನಾನ ಮಾಡಿದೆವು, ಅಂಗಳದ ಪರಸಿ ತೊಳೆದೆವು. ಯಾವ ನಿಯಮವೂ ನಮ್ಮನ್ನು ತಡೆಯಲಿಲ್ಲ. ತಡೆಯಬೇಕಿತ್ತು.

ಹಾಗಾದರೆ ಹೇಗೆ ತಡೆಯಬೇಕು? ಬೆಂಗಳೂರು 2024ರ ಮಾರ್ಚ್‌ನಲ್ಲಿ ಒಂದು ದಾರಿ ಹಿಡಿಯಿತು. ಕುಡಿಯುವ ನೀರಿನಲ್ಲಿ ಗಾಡಿ ತೊಳೆಯಬಾರದು, ತೋಟಕ್ಕೆ ಬಿಡಬಾರದು, ಕಟ್ಟಡ ಕಟ್ಟಲು ಬಳಸಬಾರದು, ತಪ್ಪಿದರೆ 5,000 ರೂಪಾಯಿ ದಂಡ ಅಂತ ಅಲ್ಲಿನ ಜಲಮಂಡಳಿ ಆದೇಶ ಮಾಡಿತು. ಶುರುವಿನ ದಿನಗಳಲ್ಲಿ 22 ಮನೆಗಳಿಂದ 1.1 ಲಕ್ಷ ರೂಪಾಯಿ ದಂಡ ವಸೂಲಿಯಾಯಿತು ಅಂತ ಸುದ್ದಿ ಬಂತು. ಕೋಟಿಗೂ ಮೀರಿದ ಜನರ ಊರಿನಲ್ಲಿ 22 ಮನೆ. ನಾನು ಈ ಆದೇಶವನ್ನು ಸುಮ್ನೆ ಅಂತ ತಳ್ಳಿಹಾಕುವುದಿಲ್ಲ. ಬೀದಿಯಲ್ಲಿ ಪೈಪ್ ಹಿಡಿದು ಕಾರು ತೊಳೆಯುವವರಿಗೆ ನಾಚಿಕೆಯಾದರೂ ಆಯಿತು. ಆದರೆ ಇಂಥದ್ದಕ್ಕೆ ಬಳಸಬಾರದು ಅನ್ನುವ ನಿಯಮಕ್ಕೆ ಗೇಟಿನ ಒಳಗೆ ಕಣ್ಣಿಲ್ಲ.

ನಮ್ಮ ಊರಿಗೆ ಅಂಥ ಪಟ್ಟಿ ಮಾಡಲು ಕೂತರೆ ಮೊದಲು ಕೂಲರ್ ಹತ್ತಿರ ಸಿಕ್ಕಿಕೊಳ್ಳುತ್ತೇವೆ. ಏಪ್ರಿಲ್, ಮೇನಲ್ಲಿ ಇಲ್ಲಿ 42, 43 ಡಿಗ್ರಿ ಸಾಮಾನ್ಯ. ಕೂಲರ್ ಇಲ್ಲದೆ ರಾತ್ರಿ ಕಳೆಯುವುದು ಕಷ್ಟ. ದೊಡ್ಡ ಕೂಲರ್ ಒಂದು ರಾತ್ರಿಗೆ ಎರಡು ಮೂರು ಕೊಡ ನೀರು ಸುಲಭವಾಗಿ ಕುಡಿಯುತ್ತದೆ. ನೀರು ಕಡಿಮೆ ಇರುವ ತಿಂಗಳಲ್ಲೇ ಅದಕ್ಕೆ ಜಾಸ್ತಿ ನೀರು ಬೇಕು. ಅದನ್ನು ನಿಷೇಧಿಸೋಣವೇ? ಎಂಬತ್ತು ವರ್ಷದ ಅಜ್ಜ ಇರುವ ಮನೆಗೆ, ಬಾಣಂತಿ ಇರುವ ಮನೆಗೆ ಕೂಲರ್ ಬೇಡ ಅಂತ ಹೇಳುವ ಧೈರ್ಯ ನನಗಿಲ್ಲ, ಹೇಳುವುದು ಸರಿಯೂ ಅಲ್ಲ. ಯಾವುದು ಅಗತ್ಯ ಅಂತ ಹೊರಗಿನವರು ಮನೆಮನೆಗೆ ತೀರ್ಮಾನಿಸಲು ಆಗುವುದಿಲ್ಲ. ಇಷ್ಟು ಲೀಟರ್ ನಿಮ್ಮದು, ಕೂಲರಿಗೆ ಹಾಕುತ್ತೀರೋ ಗಿಡಕ್ಕೆ ಹಾಕುತ್ತೀರೋ ನಿಮಗೆ ಬಿಟ್ಟದ್ದು ಅಂತ ಹೇಳಬಹುದು.

ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಹೀಗೇ ಮಾಡಿತು. ಸತತ ಬರದಿಂದ ಅಲ್ಲಿನ ಅಣೆಕಟ್ಟುಗಳು ಬತ್ತಿದ್ದವು. ನೀರಿನ ಮಟ್ಟ ಶೇ. 13.5ಕ್ಕೆ ಇಳಿದ ದಿನ ಊರಿನ ನಳಗಳನ್ನು ಮುಚ್ಚುತ್ತೇವೆ, ಆಮೇಲೆ ಸುಮಾರು 200 ಜಾಗಗಳಲ್ಲಿ ಸಾಲು ನಿಂತು ತಲೆಗೆ 25 ಲೀಟರ್ ಒಯ್ಯಬೇಕು ಅಂತ ಆಡಳಿತ ಹೇಳಿತು. ಡೇ ಝೀರೋ ಅಂತ ಆ ದಿನಕ್ಕೆ ಹೆಸರು. 2018ರ ಫೆಬ್ರುವರಿ 1ರಿಂದ ಒಬ್ಬರಿಗೆ ದಿನಕ್ಕೆ 50 ಲೀಟರಿನ ಮಿತಿ ಬಂತು. ಯಾವ ಮನೆ ಮಿತಿಯೊಳಗಿದೆ ಅಂತ ಹಸಿರು ಚುಕ್ಕೆ ಇಟ್ಟು ನಕ್ಷೆಯನ್ನೇ ಪ್ರಕಟಿಸಿದರು. ಜಾಸ್ತಿ ಬಳಸುವ ಮನೆಗಳಿಗೆ ದಿನದ ಕೋಟಾ ಮುಗಿದರೆ ನೀರು ನಿಲ್ಲುವ ಸಾಧನ ಹಾಕಿದರು. 2015ರ ಹೊತ್ತಿಗೆ ದಿನಕ್ಕೆ ಸುಮಾರು 120 ಕೋಟಿ ಲೀಟರ್ ಇದ್ದ ಬಳಕೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಡೇ ಝೀರೋ ಬರಲೇ ಇಲ್ಲ.

ಅಲ್ಲಿ ಎಲ್ಲವೂ ನ್ಯಾಯವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಬಡವರ ತಗಡಿನ ಮನೆಗಳ ಬಸ್ತಿಗಳು ಮೊದಲಿನಿಂದಲೂ ಸಾರ್ವಜನಿಕ ನಳದಲ್ಲಿ ಸಾಲು ನಿಂತೇ ನೀರು ಹಿಡಿಯುತ್ತಿದ್ದವು. ಅವರಿಗೆ ಡೇ ಝೀರೋ ಹೊಸದಲ್ಲ. ಆದರೆ ಈಜುಕೊಳ ಇದ್ದವರು ಆ ವರ್ಷ ಬಕೆಟ್ ಇಟ್ಟು ಸ್ನಾನ ಮಾಡಿದರು. ಕೊರತೆ ಮೊದಲ ಸಲ ಅವರ ಮನೆಯೊಳಗೂ ಹೋಯಿತು. ಅಳೆದದ್ದರಿಂದ ಅದು ಸಾಧ್ಯವಾಯಿತು. ನಮ್ಮಲ್ಲಿ ಅಂಥ ಮಿತಿ ತರಬೇಕೆಂದರೂ ಎಷ್ಟೋ ಮನೆಗಳಲ್ಲಿ ಮೀಟರೇ ಇಲ್ಲ. ಇದ್ದ ಕಡೆ ನೀರಿಗಿಂತ ಮುಂಚೆ ಬರುವ ಗಾಳಿಗೂ ಮುಳ್ಳು ತಿರುಗುತ್ತದೆ ಅಂತ ಜಗಳ. ಆ ಜಗಳದಲ್ಲಿ ಜನರದು ತಪ್ಪಿಲ್ಲ.

ಇನ್ನೊಂದು ವಿಷಯ ಕೇಪ್‌ಟೌನ್ ಕಥೆಯಲ್ಲಿ ಬಹಳ ಜನ ಬಿಟ್ಟುಬಿಡುತ್ತಾರೆ. 2018ರ ಫೆಬ್ರುವರಿಯಲ್ಲಿ ಮೇಲಿನ ಕಣಿವೆಯ ಹಣ್ಣು ಬೆಳೆಯುವ ರೈತರು ತಮ್ಮ ಸ್ವಂತ ಕಟ್ಟೆಗಳಿಂದ ಸಾವಿರ ಕೋಟಿ ಲೀಟರ್ ನೀರನ್ನು ಊರಿನ ಜಲಾಶಯಕ್ಕೆ ಬಿಟ್ಟರು. ಊರಿನವರ ಉಳಿತಾಯದ ಜೊತೆಗೆ ಆ ನೀರೂ ಸೇರಿ ಡೇ ಝೀರೋ ಹಿಂದಕ್ಕೆ ಹೋಯಿತು. ಇದನ್ನು ಓದಿದಾಗ ನನಗೆ ಭೀಮೆಯ ದಂಡೆ ನೆನಪಾಯಿತು.

ಬೇಸಿಗೆಯಲ್ಲಿ ಬ್ಯಾರೇಜಿನ ನೀರು ಕುಡಿಯಲು ಉಳಿಯಲಿ ಅಂತ ನದಿ ದಂಡೆಯ ಪಂಪ್‌ಸೆಟ್‌ಗಳ ಕರೆಂಟ್ ಕಡಿತ ಮಾಡುವುದು ನಮ್ಮ ಕಡೆ ಹೊಸದಲ್ಲ. ಆದೇಶ ಬರುತ್ತದೆ, ಲೈನ್ ಬಂದ್ ಆಗುತ್ತದೆ, ನಿಂತ ಕಬ್ಬು ಒಣಗುತ್ತದೆ. ಊರಿನಲ್ಲಿ ಕೂತ ನಮಗೆ ಅದು ಪತ್ರಿಕೆಯ ಮೂರು ಸಾಲಿನ ಸುದ್ದಿ. ಕಬ್ಬಿಗೆ ವರ್ಷ ಪೂರ್ತಿ 1,500ರಿಂದ 2,500 ಮಿ.ಮೀ. ನೀರು ಬೇಕು. ನಮ್ಮ ಜಿಲ್ಲೆಯಲ್ಲಿ ಬೀಳುವ ಮಳೆ 700ರಿಂದ 800 ಮಿ.ಮೀ. ನಡುವೆ. ಉಳಿದದ್ದು ನದಿಯಿಂದಲೇ, ಬೋರಿನಿಂದಲೇ ಬರಬೇಕು. ಹಾಗಂತ ರೈತರನ್ನು ದೂರಿ ಏನು ಪ್ರಯೋಜನ? ಇದು ತೊಗರಿಯ ನಾಡು. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಟ್ಯಾಗ್ ಸಿಕ್ಕಿತು, ಅಂದರೆ ಈ ನೆಲದ ವಿಶೇಷ ಬೆಳೆ ಅನ್ನುವ ಸರ್ಕಾರಿ ಗುರುತು. ಮಳೆ ನೀರಿನಲ್ಲೇ ಬೆಳೆಯುವ ಬೆಳೆ ಅದು. ಆದರೆ ಸುಗ್ಗಿಯಲ್ಲಿ ತೊಗರಿ ರೇಟು ಬಿದ್ದಾಗ ಯಾರೂ ಕೇಳುವುದಿಲ್ಲ. ಕಬ್ಬಿಗೆ ಒಂದು ದರ ಇದೆ, ಒಯ್ಯಲು ಕಾರ್ಖಾನೆ ಇದೆ. ತೊಗರಿಯವನಿಗೂ ಅಷ್ಟು ಭರವಸೆ ಇದ್ದರೆ ಭೀಮೆಯಲ್ಲಿ ಮೇ ತಿಂಗಳಿಗೆ ನಾಲ್ಕು ಕೊಡ ನೀರು ಹೆಚ್ಚು ಉಳಿಯುತ್ತದೆ. ನಮ್ಮ ನಳದ ನೀರಿಗೂ ಗಂಜಿನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ಕೂಗುವ ತೊಗರಿ ರೇಟಿಗೂ ಸಂಬಂಧ ಇದೆ. ಕರೆಂಟ್ ಕಡಿಯುವ ವರ್ಷ ಆ ರೈತರಿಗೆ ಪರಿಹಾರ ಕೊಡಬೇಕು. ನೀರಿನ ಬಿಲ್ಲಿನಲ್ಲಿ ಅದಕ್ಕೆ ನಾಲ್ಕು ಕಾಸು ಸೇರಿಸಿದರೂ ನನ್ನ ಒಪ್ಪಿಗೆ ಇದೆ.

ಸಮಯ ಇರುವಾಗ ಹಂಚಿಕೊಳ್ಳದಿದ್ದರೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ. ಬೀದರಿನ ಪಕ್ಕದ ಲಾತೂರಿನಲ್ಲಿ 2016ರ ಬೇಸಿಗೆಯಲ್ಲಿ ನೀರು ತುಂಬುವ ಜಾಗಗಳ ಸುತ್ತ ಸೆಕ್ಷನ್ 144 ಹಾಕಿದ್ದರು. ಮೀರಜ್‌ನಿಂದ ರೈಲಿನಲ್ಲಿ ನೀರು ತಂದರು. ಮೊದಲ ರೈಲಿನಲ್ಲಿ ಬಂದದ್ದು ಸುಮಾರು 5 ಲಕ್ಷ ಲೀಟರ್. ಲಾತೂರಿನಷ್ಟು ದೊಡ್ಡ ಊರಿಗೆ ಅದು ತಲೆಗೆ ಒಂದೆರಡು ಲೀಟರ್ ಆಗಬಹುದು, ಅಷ್ಟೇ.

ನಮ್ಮಲ್ಲಿ ದಾರಿ ಗೊತ್ತಿಲ್ಲ ಅಂತೇನೂ ಇಲ್ಲ. ವಿಶ್ವಬ್ಯಾಂಕ್ ಸಾಲದ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ಬಡಾವಣೆಗಳಿಗೆ 2008ರ ಹೊತ್ತಿಗೇ ದಿನದ 24 ಗಂಟೆ ನೀರು ಬಂತು. ಮೂರು ಊರು ಸೇರಿ ಜನಸಂಖ್ಯೆಯ ಹತ್ತರಲ್ಲಿ ಒಂದು ಪಾಲಿಗೆ. ಉಳಿದ ಊರಿಗೂ ವಿಸ್ತರಿಸಲು 2016ರಲ್ಲಿ ಮತ್ತೊಂದು ಸಾಲಕ್ಕೆ ಒಪ್ಪಿಗೆ ಸಿಕ್ಕಿತು. ರಸ್ತೆ ಅಗೆದು ಪೈಪು ಹಾಕುವ ಕೆಲಸ ವರ್ಷಗಳಿಂದ ನಡೆದಿದೆ. 24 ಗಂಟೆ ನೀರು ಅಂದಾಗ ಮೊದಲು ನಾನೂ ಕೇಳಿದೆ, ಇರುವ ನೀರೇ ಸಾಲದಾಗ ದಿನವಿಡೀ ಬಿಟ್ಟರೆ ಹೇಗೆ? ಆದರೆ ಕೆಲಸ ಮಾಡುವ ರೀತಿ ಬೇರೆ. ಯಾವಾಗ ತಿರುಗಿಸಿದರೂ ನೀರು ಬರುತ್ತದೆ ಅಂತ ನಂಬಿಕೆ ಇದ್ದರೆ ಯಾರೂ 9,000 ಲೀಟರ್ ಕೂಡಿಡುವುದಿಲ್ಲ. ಹೊಸ ನೀರು ಬಂತು ಅಂತ ಹಳೇದನ್ನು ಚೆಲ್ಲುವುದಿಲ್ಲ. ನಳ ತೆರೆದಿಟ್ಟು ಮಲಗುವುದಿಲ್ಲ. ಪೈಪಿನಲ್ಲಿ ಸದಾ ಒತ್ತಡ ಇರುವುದರಿಂದ ಕೊಳಕು ಒಳಗೆ ಬರುವುದಿಲ್ಲ, ಎಲ್ಲಿ ಸೋರುತ್ತಿದೆ ಅಂತಲೂ ಬೇಗ ಗೊತ್ತಾಗುತ್ತದೆ. ಬಹಳ ಮುಖ್ಯವಾಗಿ, ಪ್ರತಿ ಮನೆಗೂ ಮೀಟರ್ ಇರುತ್ತದೆ. ಬರ ಬಂದಾಗ ಲೀಟರಿನಲ್ಲಿ ಮಿತಿ ಹಾಕಲು ಊರಿಗೆ ಮೊದಲ ಸಲ ಒಂದು ಸಾಧನ ಸಿಗುತ್ತದೆ.

ಮೀಟರ್ ಅಂದರೆ ಜನರಿಗೆ ಹೆದರಿಕೆ ಇದೆ. ಬಿಲ್ ಏರುತ್ತದೆ, ಕಟ್ಟದಿದ್ದರೆ ಕನೆಕ್ಷನ್ ಕತ್ತರಿಸುತ್ತಾರೆ, ನೀರು ದುಡ್ಡಿದ್ದವರ ಪಾಲಾಗುತ್ತದೆ ಅಂತ. ಈ ಹೆದರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ತಲೆಗೆ 50 ಲೀಟರ್‌ವರೆಗೆ ಹೆಸರಿಗಷ್ಟೇ ದರ ಇರಲಿ, ಅದಕ್ಕಿಂತ ಮೇಲಿನದಕ್ಕೆ ಏರುತ್ತಾ ಹೋಗಲಿ, 300 ದಾಟಿದವರಿಗೆ ಕಣ್ಣಲ್ಲಿ ನೀರು ಬರುವಷ್ಟಿರಲಿ. ಮೊದಲ 50 ಲೀಟರನ್ನು ಯಾವ ಕಾರಣಕ್ಕೂ ಕತ್ತರಿಸಬಾರದು. ಇದಿಷ್ಟು ಬರವಣಿಗೆಯಲ್ಲಿ ಇದ್ದರೆ ಮಾತ್ರ ಮೀಟರ್ ಬಡವರ ಕಡೆ ನಿಲ್ಲುತ್ತದೆ.

ಬೋರ್‌ವೆಲ್ ಬಗ್ಗೆ ಒಂದು ಮಾತು. ನಳಕ್ಕೆ ಎಷ್ಟೇ ನಿಯಮ ಮಾಡಿದರೂ ಬೋರ್ ಇದ್ದವರು ಅದರ ಹೊರಗೇ ಉಳಿಯುತ್ತಾರೆ. ಕಲಬುರಗಿಯ ಅಡಿ ಬಹುಪಾಲು ಕರಿ ಬಸಾಲ್ಟ್ ಬಂಡೆ. ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ ಮಾತ್ರ. ಒಬ್ಬರ ಬೋರ್ ಆಳಕ್ಕೆ ಹೋದರೆ ಪಕ್ಕದವರದು ಒಣಗುತ್ತದೆ. ಬೀದರಿನ ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಜ್ ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಸುರಂಗ ಬಾವಿ ಅನ್ನುತ್ತಾರೆ ಅಲ್ಲಿ. ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಜಿನುಗಿದ ನೀರನ್ನು ಇಳಿಜಾರಿನ ಸುರಂಗದಲ್ಲಿ ಹರಿಸಿ ತರುವ ವ್ಯವಸ್ಥೆ. ಎಷ್ಟು ಜಿನುಗಿತೋ ಅಷ್ಟೇ ಬರುತ್ತದೆ. ಎಳೆದು ತೆಗೆಯಲು ಯಾರಿಗೂ ಆಗುವುದಿಲ್ಲ. ಎಳೆಯುವ ಯಂತ್ರ ಬಂದ ಮೇಲೆ ಮಿತಿಯನ್ನು ನಾವೇ ಹಾಕಿಕೊಳ್ಳಬೇಕು. ನೆಲ ಹಾಕುವುದಿಲ್ಲ.

ದೊಡ್ಡ ಯೋಜನೆ ಮುಗಿಯುವವರೆಗೆ ಕಾಯುತ್ತಾ ಕೂರಬೇಕಿಲ್ಲ. ಈ ಬೇಸಿಗೆಗೇ ಆಗುವ ಕೆಲಸಗಳಿವೆ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ಬಂದರೆ ಬಿಸಿಲಿನ ಕಾರಣ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಮುಂಚಿತವಾಗಿ ಆದೇಶ ಬರುತ್ತದೆ, ಎಲ್ಲರಿಗೂ ಗೊತ್ತಿರುತ್ತದೆ. ನಳಕ್ಕೂ ಹಾಗೆ ಮಾಡಬಹುದು. ಯಾವ ಓಣಿಗೆ ಯಾವ ವಾರ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಅಂತ ಬರೆದು ಕಾಂಪೌಂಡ್ ಗೋಡೆಗೆ ಹಚ್ಚಲಿ. ತಪ್ಪಿದರೆ ಮೊಬೈಲಿಗೆ ಒಂದು ಮೆಸೇಜ್ ಬರಲಿ. ಈಗ ಬರುವುದು "ನೀರು ಪೂರೈಕೆಯಲ್ಲಿ ವ್ಯತ್ಯಯ, ಸಾರ್ವಜನಿಕರು ಸಹಕರಿಸಬೇಕು" ಅನ್ನುವ ಪತ್ರಿಕೆಯ ಸಾಲು, ಅದೂ ವ್ಯತ್ಯಯ ಆದ ಮೇಲೆ. ವೇಳೆ ಗೊತ್ತಿದ್ದರೆ ಒಂದು ಹನಿ ನೀರು ಹೆಚ್ಚಾಗದಿದ್ದರೂ ಕೂಲಿಯವರ ಒಂದು ದಿನದ ಪಗಾರ ಉಳಿಯುತ್ತದೆ.

ನಮ್ಮ ಓಣಿಯಲ್ಲಿ ಕಳೆದ ಬೇಸಿಗೆ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ನಳ ಬಂದ ಮೊದಲ ಅರ್ಧ ಗಂಟೆ ಯಾರೂ ಮೋಟಾರ್ ಹಚ್ಚಬಾರದು ಅಂತ. ಮಾತು ಎತ್ತಿದ್ದು ಎದುರು ಮನೆಯ ರಿಟೈರ್ಡ್ ಮಾಸ್ತರು. ಮೊದಲು ಮೂರು ಮನೆಯವರು ಒಪ್ಪಲಿಲ್ಲ. "ಅಷ್ಟ್ರೊಳಗ ನೀರ್ ಹೋದ್ರ ಯಾರ್ ಜವಾಬ್ದಾರಿರಿ?" ಅಂದರು. ಒಂದು ಸಲ ಮಾಡಿ ನೋಡೋಣ ಅಂತ ಮಾಸ್ತರು ಹಟ ಹಿಡಿದರು. ಆ ಅರ್ಧ ಗಂಟೆಯಲ್ಲಿ ಕೊನೆಯ ಮೂರು ಮನೆಗಳ ಬ್ಯಾರಲ್ ತುಂಬಿದವು. ಮೋಟಾರ್ ಇದ್ದವರ ಸಂಪೂ ಆಮೇಲೆ ತುಂಬಿದವು. ಕೆಲವು ವಾರ ಹಾಗೇ ನಡೆಯಿತು. ಆಮೇಲೆ ಎರಡು ಸಲ ಮೇಲಿಂದ ಮೇಲೆ ನಳ ತಪ್ಪಿತು, ಮೂರನೇ ಸಲ ಬಂದಾಗ ಯಾರಿಗೂ ತಾಳ್ಮೆ ಉಳಿದಿರಲಿಲ್ಲ. ಗಾಳಿ ಬರುವಾಗಲೇ ಮೋಟಾರ್ ಶುರುವಾದವು. ನಂಬಿಕೆ ಇದ್ದಷ್ಟು ದಿನ ನಿಯಮ ನಡೆಯಿತು. ವೇಳೆ ಹೇಳಿ ಅಂತ ನಾನು ಇಷ್ಟು ಒತ್ತಿ ಕೇಳುವುದು ಅದಕ್ಕೇ.

ಈ ಸಲ ಜನವರಿಯಲ್ಲೇ ಕೂತಿದ್ದೇವೆ. ಅರ್ಧ ಗಂಟೆಯ ನಿಯಮ ಮತ್ತೆ ಜಾರಿಗೆ. ಅದರ ಜೊತೆ ಇನ್ನೊಂದು. ನಳ ತಪ್ಪಿದ ದಿನ ಸಂಪಿರುವವರಲ್ಲಿ ನಾಲ್ಕು ಮನೆಯವರು ಕೊನೆಯ ಮೂರು ಮನೆಗಳಿಗೆ ದಿನಕ್ಕೆ ಹತ್ತು ಹತ್ತು ಕೊಡ ಕೊಡಬೇಕು. ಐದು ಜನರ ಮನೆಗೆ ಹತ್ತು ಕೊಡ ಅಂದರೆ ತಲೆಗೆ 30 ಲೀಟರ್. ಎಲ್ಲ ಒಪ್ಪಿದ ಮೇಲೆ ಕೊನೆ ಮನೆಯ ಹೆಣ್ಣುಮಗಳು ಒಂದು ಷರತ್ತು ಹಾಕಿದಳು. "ಕೊಡ್ತೀರಿ ಖರೆ ಅಕ್ಕಾ. ಆದ್ರ ದಿನಾ ನಿಮ್ ಬಾಗಿಲಿಗಿ ಬಂದು ನೀರ್ ಕೊಡ್ರಿ ಅಂತ ನಿಂದ್ರಲ್ಲ ನಾವು. ನಳ ಹೊರಗ ಇಡ್ರಿ, ನಾವೇ ತುಂಬ್ಕೋತೀವಿ." ಅವಳು ಹೇಳಿದ್ದು ಸರಿ ಅಂತ ಮಾಸ್ತರು ಅಲ್ಲೇ ಹೇಳಿದರು. ನಮ್ಮ ಗೇಟಿನ ಹೊರಗೆ ಸಂಪಿನಿಂದ ಒಂದು ನಳ ಹಾಕಿಸುತ್ತಿದ್ದೇವೆ, ಕೊಡ ಇಡಲು ಕೆಳಗೊಂದು ಪರಸಿ ಕಲ್ಲು. ಪ್ಲಂಬರ್ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾನೆ. ಮಾರ್ಚ್ ಒಳಗೆ ಕೆಲಸ ಮುಗಿಯಬೇಕು.